ಟ್ರಂಕಿನೊಳಗಿನ ಬಿಸಿಲು

ಯುಗಾದಿಗೆ ಮುಂಚೆ ಸುಣ್ಣ ಹೊಡೆಸೋಣವೆಂದು ಪಾವಗಡದ ಮನೆಯ ಅಟ್ಟ ಖಾಲಿ ಮಾಡಿದಾಗ ಅಜ್ಜಿಯ ಕಬ್ಬಿಣದ ಟ್ರಂಕು ಕೆಳಗಿಳಿಯಿತು. ಬೀಗ ಎಂದೋ ಕಳೆದುಹೋಗಿತ್ತು. ಕೊಂಡಿಗೆ ಸುತ್ತಿದ ತಂತಿ ಬಿಚ್ಚಿದೆವು. ಮೇಲೆ ಎರಡು ಧರ್ಮಾವರಂ ಸೀರೆ, ಒಂದು ಹಿಡಿ ಪುಡಿಯಾದ ಬೇವಿನೆಲೆ, ನುಸಿಗುಳಿಗೆ ಕರಗಿ ಬಿಟ್ಟುಹೋದ ವಾಸನೆ. ತಳದಲ್ಲಿ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಟ್ಟ ಹನ್ನೊಂದು ಫೋಟೊ.

ಹನ್ನೊಂದರಲ್ಲಿ ಎರಡು ಒಂದೇ ಚಿತ್ರ. ಅಪ್ಪ, ಅವ್ವನ ಮದುವೆ, 1973. ಒಂದರಲ್ಲಿ ಎಲ್ಲವೂ ನಿನ್ನೆ ತೆಗೆಸಿದಂತಿದೆ. ಬಾಸಿಂಗದ ದಾರ, ಅವ್ವನ ಕೈಯಲ್ಲಿದ್ದ ವೀಳ್ಯದೆಲೆಯ ನರ, ಹಿಂದೆ ನಿಂತ ಹುಡುಗನ ಅಂಗಿಯಲ್ಲಿ ಕಿತ್ತುಹೋದ ಗುಂಡಿ, ಎಲ್ಲ ಕಾಣುತ್ತದೆ. ಇನ್ನೊಂದರ ಮೇಲೆ ಯಾರೋ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಕಲೆ. ಅಪ್ಪನ ಮುಖ ಮಂಜಿನೊಳಗೆ ಹೊರಟುಹೋಗಿದೆ. ಒಂದೇ ನೆಗೆಟಿವ್, ಒಂದೇ ಸ್ಟುಡಿಯೊ, ಐವತ್ತು ವರ್ಷ ಒಂದೇ ಹಾಳೆಯಲ್ಲಿ ಒಂದರ ಮೇಲೊಂದು ಮಲಗಿದ್ದವು. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಊರಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಫೋಟೊ ತೆಗೆದ ಹಿರಿಯರೊಬ್ಬರಿದ್ದಾರೆ. ಸ್ಟುಡಿಯೊ ಮುಚ್ಚಿ ವರ್ಷಗಳಾದವು. ಎರಡೂ ಫೋಟೊ ಒಯ್ದು ತೋರಿಸಿದೆ. ಅವರು ಮುಂಭಾಗ ನೋಡಲೇ ಇಲ್ಲ. ಬೆನ್ನು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ಸವರಿ ಹೇಳಿದರು: "ಹೈಪೊ ಹೋಗಿಲ್ಲ ನೋಡಪ್ಪಾ. ತೊಳೆದಿದ್ದು ಸಾಲದು. ಆವಾಗ ಊರಲ್ಲಿ ನೀರೆಲ್ಲಿತ್ತು? ಮೊದಲ್ನೇ ಕಾಪಿಗೆ ಒಳ್ಳೇ ನೀರು, ಕೊನೇದಕ್ಕೂ ಅದೇ ನೀರು."

ನಮ್ಮ ಕಡೆ ಯಾರೂ ಫೋಟೊ 'ಡೆವಲಪ್' ಮಾಡಿಸುತ್ತಿರಲಿಲ್ಲ, ತೊಳೆಸುತ್ತಿದ್ದರು. "ರೀಲು ತೊಳೆಸ್ಕೊಂಡು ಬಾ" ಅನ್ನುವುದೇ ವಾಡಿಕೆ. ಓದಿದವರು ನಕ್ಕರೂ ಆ ಮಾತು ಕೆಲಸದ ತಿರುಳನ್ನೇ ಹಿಡಿದಿತ್ತು. ಕಪ್ಪು-ಬಿಳುಪು ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣದ ಕಣಗಳಿರುತ್ತವೆ. ಬೆಳಕು ತಾಗಿದ ಕಣ ಡೆವಲಪರ್ ದ್ರಾವಣದಲ್ಲಿ ಅಪ್ಪಟ ಬೆಳ್ಳಿಯಾಗುತ್ತದೆ. ತೀರಾ ಸಣ್ಣ ಪುಡಿಯಾದ್ದರಿಂದ ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ಬೆಳಕು ತಾಗದೆ ಉಳಿದ ಲವಣವನ್ನು ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ಹೊರಹಾಕುತ್ತದೆ. ಇಲ್ಲದಿದ್ದರೆ ಬೆಳಕಿಗೆ ತಂದ ಮೇಲೆ ಇಡೀ ಕಾಗದ ಕಪ್ಪಾಗುತ್ತಾ ಹೋಗುತ್ತಿತ್ತು. ಹೈಪೊಗೆ ಈ ಗುಣವಿದೆಯೆಂದು 1819ರಲ್ಲೇ ಕಂಡುಕೊಂಡವನು ಜಾನ್ ಹರ್ಷೆಲ್. ಇಪ್ಪತ್ತು ವರ್ಷ ಕಳೆದು ಫೋಟೊಗ್ರಫಿ ಹುಟ್ಟಿದಾಗ ಅದು ಕೆಲಸಕ್ಕೆ ಬಂತು.

ಚಿತ್ರವನ್ನು ಉಳಿಸುವ ಈ ಹೈಪೊ ಕಾಗದದೊಳಗೇ ಉಳಿದುಬಿಟ್ಟರೆ ಅದೇ ಚಿತ್ರವನ್ನು ತಿನ್ನುತ್ತದೆ. ಅದರಲ್ಲಿರುವುದು ಗಂಧಕ. ಹೆಂಗಸರ ಕಾಲುಂಗುರ ಕಪ್ಪಾಗುವುದೂ ಗಂಧಕದಿಂದಲೇ. ಕಾಲುಂಗುರವನ್ನಾದರೆ ಹುಣಿಸೆಹಣ್ಣು ಹಚ್ಚಿ ಉಜ್ಜಬಹುದು, ಅಪ್ಪನ ಮುಖಕ್ಕೆ ಉಜ್ಜುವಂತಿಲ್ಲ. ಅದಕ್ಕೇ ಕೊನೆಯ ತೊಳೆತ ಮುಖ್ಯ. ಆ ಕಾಲದ ದಪ್ಪ ಕಾಗದ ದ್ರಾವಣವನ್ನು ಹೀರಿಕೊಳ್ಳುತ್ತಿತ್ತು, ಅದನ್ನು ಹರಿಯುವ ನೀರಿನಲ್ಲಿ ಸುಮಾರು ಒಂದು ತಾಸು ಬಿಡಬೇಕಿತ್ತು. ಒಂದು ತಾಸು ಹರಿಯುವ ನೀರು, ಪಾವಗಡದಲ್ಲಿ! ಕೊಡಗಳ ಸಾಲಿಗಾಗಿ ಜಗಳವಾಡಿದ ಊರಿದು, ಸಿಕ್ಕ ನೀರಿನಲ್ಲೂ ಫ್ಲೋರೈಡ್. ಮನೆಯವರು ಕುಡಿಯಲು ಹೊತ್ತು ತಂದ ನೀರಿನಲ್ಲಿ ಒಬ್ಬ ಮನುಷ್ಯ ಮುಚ್ಚಿದ ಕೋಣೆಯ ಕೆಂಪು ದೀಪದಡಿ ಊರವರ ಮುಖ ತೊಳೆಯುತ್ತಿದ್ದ. ತಟ್ಟೆಯ ನೀರನ್ನು ಆ ಸ್ಟುಡಿಯೊದವರು ಎಷ್ಟು ಸಲ ಬದಲಿಸಿದರು ಎಂಬುದರ ಮೇಲೆ ನಮ್ಮ ಮನೆಯ ಒಂದು ಕಾಪಿ ಬದುಕಿತು, ಇನ್ನೊಂದು ಮಸುಕಾಯಿತು. ಅವರ ಮೇಲೆ ಕೋಪ ಬರಲಿಲ್ಲ, ಒಂದಾದರೂ ಸರಿಯಾಗಿ ತೊಳೆದರಲ್ಲ ಅನ್ನಿಸಿತು. ಬಳಸಿದ ಹೈಪೊವನ್ನೂ ಆಗ ಚರಂಡಿಗೆ ಚೆಲ್ಲುತ್ತಿರಲಿಲ್ಲ. ಅದರಲ್ಲಿ ಕರಗಿದ ಬೆಳ್ಳಿ ತೆಗೆಯುವವರು ಡಬ್ಬ ಹಿಡಿದು ಬಂದು ಕೊಂಡೊಯ್ಯುತ್ತಿದ್ದರಂತೆ.

ನೀರಿಲ್ಲದ್ದೇ ಇನ್ನೊಂದು ಕಡೆಯಿಂದ ಉಪಕಾರವನ್ನೂ ಮಾಡಿದೆ. ಮಲೆನಾಡಿನ ಗೆಳೆಯರ ಮನೆಗಳಲ್ಲಿ ಆಲ್ಬಮ್ ಬಿಡಿಸಿದರೆ ಬೂಷ್ಟು, ಕಟ್ಟು ಹಾಕಿಸಿದ ಚಿತ್ರಗಳು ಗಾಜಿಗೇ ಅಂಟಿಕೊಂಡಿರುತ್ತವೆ. ಜೆಲಟಿನ್ ಎಂದರೆ ಎಲುಬು, ಚರ್ಮ ಬೇಯಿಸಿ ತೆಗೆದ ಅಂಟು. ತೇವ ಸಿಕ್ಕರೆ ಶಿಲೀಂಧ್ರಕ್ಕೆ ಅದು ಹಬ್ಬದೂಟ. ನಮ್ಮದು ಒಣ ನೆಲ. ಮಳೆ ಬಾರದೆ ಕಡಲೆಕಾಯಿ ಒಣಗಿದ ವರ್ಷಗಳಲ್ಲೂ ಟ್ರಂಕಿನೊಳಗಿನ ಕಾಗದಕ್ಕೆ ಏನೂ ಆಗಲಿಲ್ಲ. ಗೆದ್ದಲು ಮಾತ್ರ ಬರಗಾಲ ಲೆಕ್ಕಿಸುವುದಿಲ್ಲ. ಅಜ್ಜಿಯ ಬೇವಿನೆಲೆ, ಕಬ್ಬಿಣದ ಪೆಟ್ಟಿಗೆ, ಅಟ್ಟದ ಒಣಹವೆ ಸೇರಿ, ಯಾವ ಪತ್ರಾಗಾರದ ತರಬೇತಿಯೂ ಇಲ್ಲದೆ ಅರ್ಧ ಶತಮಾನ ದಾಟಿಸಿವೆ.

ಆ ಕಾಲದ ಸಾಮಾನುಗಳ ಬಗ್ಗೆ ಎರಡು ಮಾತು. ಕಪ್ಪು-ಬಿಳುಪು ರೀಲು ಬಹುಪಾಲು ಊಟಿಯಿಂದ ಬರುತ್ತಿತ್ತು. ಸರ್ಕಾರಿ ಸ್ವಾಮ್ಯದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಅಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ತಯಾರಿಕೆ ಶುರುಮಾಡಿತು. ಅದರ ಫಿಲ್ಮಿನ ಹೆಸರು 'ಇಂದು', ಚಂದ್ರ. ಕೊಂಚ ಅನುಕೂಲವಿದ್ದ ಮನೆಗಳಲ್ಲಿ, ಮೇಷ್ಟರ, ಬ್ಯಾಂಕಿನವರ ಹೆಗಲಲ್ಲಿ, ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇರುತ್ತಿತ್ತು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಹನ್ನೆರಡೇ ಆದ್ದರಿಂದ ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಚರ್ಚೆಯೇ ಅರ್ಧ ಗಂಟೆ ನಡೆಯುತ್ತಿತ್ತು. ಮುನಿಸಿಕೊಂಡ ಚಿಕ್ಕಪ್ಪನನ್ನು ಕೊಟ್ಟಿಗೆಯಿಂದ ಕರೆತಂದು ನಿಲ್ಲಿಸಿದ್ದು ನಮ್ಮ ಮನೆಯ ಒಂದು ಗ್ರೂಪ್ ಫೋಟೊದಲ್ಲಿದೆ. ಮುನಿಸೂ ಹಾಗೇ ಉಳಿದಿದೆ.

ಬಹುಪಾಲು ಜನ ಸ್ಟುಡಿಯೊಗೇ ಹೋಗುತ್ತಿದ್ದರು. ಹಿಂದೆ ಬಟ್ಟೆಯ ಮೇಲೆ ಬರೆದ ಹೂದೋಟ, ಅದರ ಮುಂದೆ ಒಂದು ಕುರ್ಚಿ, ಬಾಚಣಿಗೆ ಸಿಕ್ಕಿಸಿದ ಒಂದು ಕನ್ನಡಿ, ಪೌಡರ್ ಡಬ್ಬಿ, ಊರವರಿಗೆಲ್ಲ ಒಂದೇ ಅಳತೆಯ ಕೋಟು. "ಗದ್ದ ಸ್ವಲ್ಪ ಕೆಳಗೆ, ಉಸಿರು ಬಿಡಬ್ಯಾಡಿ." ಆಮೇಲೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ಮೊಡವೆ, ಸಿಡುಬಿನ ಗುರುತು ಅಳಿಸುವ ಕೈಚಳಕ. ಹೆಣ್ಣು ನೋಡಲು ಬರುವ ಮುಂಚೆ ಕಳಿಸುವ ಫೋಟೊದಲ್ಲಿ ಈ ಪೆನ್ಸಿಲ್ ಎಷ್ಟು ಮದುವೆ ಕುದುರಿಸಿತೋ! ಫೋನಿನ ಬ್ಯೂಟಿ ಮೋಡ್ ಬಗ್ಗೆ ಮೂಗು ಮುರಿಯುವ ಹಿರಿಯರಿಗೆ ಇದನ್ನು ನೆನಪಿಸಬೇಕು.

ಆದರೂ ಫೋಟೊ ಎಲ್ಲರ ಪಾಲಿಗೆ ಬರಲಿಲ್ಲ. ಕೂಲಿ ಮಾಡುವ ಮನೆಗಳಲ್ಲಿ ಎಷ್ಟೋ ಜನ ಒಂದೂ ಫೋಟೊ ತೆಗೆಸದೆ ಬದುಕಿ ಸತ್ತರು. ಸತ್ತ ಮೇಲೆ ಅವಸರವಾಗಿ ಸ್ಟುಡಿಯೊದವನನ್ನು ಕರೆಸಿ, ಹೆಣವನ್ನು ಗೋಡೆಗೊರಗಿಸಿ ಕೂರಿಸಿ, ಹಾರ ಹಾಕಿ ತೆಗೆಸುತ್ತಿದ್ದರು. ಗೋಡೆಯ ಮೇಲಿನ ಅಂಥ ಫೋಟೊಗಳನ್ನು ಚಿಕ್ಕಂದಿನಲ್ಲಿ ನೋಡಿ ನಾನು ಹೆದರಿದ್ದೇನೆ. ಈಗ ಹೆದರಿಕೆ ಇಲ್ಲ. ಆ ಮನೆಯವರಿಗೆ ಅದೊಂದೇ ಅವಕಾಶವಿತ್ತು. ಇದನ್ನು ಬದಲಿಸಿದ್ದು ಯಾವ ಕ್ಯಾಮೆರಾ ಕಂಪನಿಯೂ ಅಲ್ಲ, ಚುನಾವಣೆ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಜಾರಿಗೆ ಬಂತು. ಶಾಲೆಯ ಜಗಲಿಯಲ್ಲಿ ಸಾಲು ನಿಂತು, ಎಳೆದು ಕೂರಿಸಿ ತೆಗೆದ ಆ ಚಿತ್ರಗಳನ್ನು ನೋಡಿ ನಗದವರಿಲ್ಲ. ಹೆಸರು ಒಬ್ಬರದು, ಮುಖ ಮತ್ತೊಬ್ಬರದು ಎಂಬ ಜೋಕುಗಳೂ ಹುಟ್ಟಿದವು. ಆದರೆ ನಮ್ಮ ಅಜ್ಜಿಯ ಕಡೆಯ ದಿನಗಳ ಮುಖ ಉಳಿದಿರುವುದು ಅದರಲ್ಲಿ ಮಾತ್ರ. ಗೋಡೆಯ ಮೇಲಿರುವ ದೊಡ್ಡ ಪಟ ಆ ಉಗುರಿನಷ್ಟು ಚಿತ್ರವನ್ನು ಹಿಗ್ಗಿಸಿ, ಸೆರಗಿಗೆ ಬಣ್ಣ ತುಂಬಿ, ಹಿಂದೆ ನೀಲಿ ಹಾಕಿಸಿದ್ದು. ಹತ್ತಿರ ಹೋದರೆ ಬರೀ ಚುಕ್ಕಿ, ಬಾಗಿಲಿನಿಂದ ನೋಡಿದರೆ ಅಜ್ಜಿ.

ಬಣ್ಣದ ಫೋಟೊ ಬಂದಾಗ ಎಲ್ಲರೂ ಕಪ್ಪು-ಬಿಳುಪನ್ನು ಕೈಬಿಟ್ಟರು. ರೀಲು ಬಸ್ಸಿನಲ್ಲಿ ಹಿಂದೂಪುರಕ್ಕೋ ತುಮಕೂರಿಗೋ ಹೋಗಿ, ವಾರದ ಮೇಲೆ ಲಕೋಟೆಯಲ್ಲಿ ಬರುತ್ತಿತ್ತು. ಚಿಕ್ಕಪ್ಪನ ಮದುವೆ 1986ರದು, ಪೂರಾ ಕಲರ್. ಈಗ ಬಿಡಿಸಿದರೆ ಮಂಟಪ, ಪುರೋಹಿತರು, ಬಾಳೆಕಂಬ, ಎಲ್ಲರಿಗೂ ಇಟ್ಟಿಗೆಪುಡಿ ಎರಚಿದ ಹಾಗಿದೆ. ಕಲರ್ ಪ್ರಿಂಟಿನಲ್ಲಿ ಬೆಳ್ಳಿ ಉಳಿಯುವುದಿಲ್ಲ. ಮೂರು ಪದರಗಳಲ್ಲಿ ಮೂರು ಬಣ್ಣದ ಡೈ ಮಾತ್ರ ಇರುತ್ತದೆ. ಆ ಕಾಲದ ಕಾಗದಗಳಲ್ಲಿ, ಕತ್ತಲೆಯಲ್ಲಿಟ್ಟರೂ, ನೀಲಿ-ಹಸಿರಿನ ಡೈ ಮೊದಲು ಸೋಲುತ್ತಿತ್ತು. ಉಳಿದದ್ದು ಕೆಂಪು. ನಮ್ಮ ಬೇಸಿಗೆಯ ಸೆಕೆ ಅದನ್ನು ಇನ್ನಷ್ಟು ಬೇಗ ಮುಗಿಸಿತು. ಜೊತೆಗೆ ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಮ್ಮು. ಅದರ ಅಂಟು ಹಳದಿಯಾಗಿ, ಫೋಟೊ ಕಿತ್ತರೆ ಅರ್ಧ ಅಲ್ಲೇ ಉಳಿಯುತ್ತದೆ. ಕಪ್ಪು ಕಾಗದಕ್ಕೆ ಮೂಲೆ ಸಿಕ್ಕಿಸಿ, ನಡುವೆ ಬಟರ್ ಪೇಪರ್ ಹಾಕುತ್ತಿದ್ದ ಹಳೇ ಆಲ್ಬಮ್ ಎಷ್ಟೋ ವಾಸಿ. ಹೊಸದೆಲ್ಲ ಹೆಚ್ಚು ಬಾಳುತ್ತದೆಂದು ನಂಬಿದ ಪೀಳಿಗೆ ನಮ್ಮದು. ಸರಿಯಾಗಿ ತೊಳೆದ 1973 ಚೊಕ್ಕಟವಾಗಿದೆ, 1986 ಮಾಸಿದೆ.

ಪಾವಗಡದವನಾಗಿ ಇನ್ನೊಂದು ಸಂಗತಿ ಹೇಳದಿರಲಾರೆ. ಲೂಯಿ ದಾಗೇರನ ಫೋಟೊ ವಿಧಾನದ ಗುಟ್ಟು ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರ ಆಗಸ್ಟ್ 19ರಂದು. ಅದೇ 1839ರಲ್ಲಿ, ಅದೇ ಫ್ರಾನ್ಸಿನಲ್ಲಿ, ಎದ್ಮಾಂ ಬೆಕರೆಲ್ ಎಂಬ ಹತ್ತೊಂಬತ್ತರ ಹುಡುಗ ದ್ರಾವಣದಲ್ಲಿ ಮುಳುಗಿಸಿದ ಲೋಹದ ಪಟ್ಟಿಗಳ ಮೇಲೆ ಬೆಳಕು ಬಿಟ್ಟರೆ ವಿದ್ಯುತ್ ಹುಟ್ಟುತ್ತದೆಂದು ಕಂಡ. ಆ ಪಟ್ಟಿಗಳಿಗೆ ಅವನು ಬಳಿದದ್ದು ಬೆಳ್ಳಿಯ ಲವಣ! ನಮ್ಮ ಸ್ಟುಡಿಯೊದವರ ಕಾಗದದ ಮೇಲಿದ್ದ ಅದೇ ಜಾತಿಯ ಪದಾರ್ಥ. ಫೋಟೊ ಮತ್ತು ಸೋಲಾರ್ ಒಂದೇ ವರ್ಷದ, ಒಂದೇ ಬೆಳ್ಳಿಯ ಅಣ್ಣತಮ್ಮಂದಿರು. ಮುಂದೆ ಇಬ್ಬರೂ ಬೆಳ್ಳಿ ಬಿಟ್ಟು ಸಿಲಿಕಾನ್ ಹಿಡಿದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1954ರಲ್ಲಿ ಸಿಲಿಕಾನ್ ಸೌರಕೋಶ ಬಂತು. 1969ರಲ್ಲಿ ಅಲ್ಲೇ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ರೂಪಿಸಿದರು. ಡಿಜಿಟಲ್ ಕ್ಯಾಮೆರಾಕ್ಕೆ ದಾರಿ ತೆರೆದ ಆ ಚಿಪ್ಪಿಗೆ 2009ರ ನೊಬೆಲ್ ಬಂತು. ಇಂದು ಫೋನಿನಲ್ಲಿರುವುದು ಬೇರೆ ಬಗೆಯ ಸೆನ್ಸರ್ ಆದರೂ ಕೆಲಸದ ಮೂಲ ಒಂದೇ: ಬೆಳಕು ಬಿದ್ದ ಪ್ರತಿ ಚುಕ್ಕಿಯಲ್ಲೂ ಸಿಲಿಕಾನ್ ಒಂದಿಷ್ಟು ವಿದ್ಯುತ್ ಕಣ ಬಿಡುಗಡೆ ಮಾಡುತ್ತದೆ, ಫೋನು ಅದನ್ನು ಎಣಿಸುತ್ತದೆ.

ಹಾಗಾಗಿ ನಮ್ಮ ತಾಲ್ಲೂಕಿನ ತಿರುಮಣಿಯ ಕಡೆ ಹೋಗಿ ಅಲ್ಲಿಯ ಸೋಲಾರ್ ಪಾರ್ಕಿನ ಪ್ಯಾನೆಲ್ ಸಾಲುಗಳ ಫೋಟೊ ಫೋನಿನಲ್ಲಿ ತೆಗೆದಾಗಲೆಲ್ಲ ನನಗೆ ನಗು ಬರುತ್ತದೆ. ಬೆಳಕನ್ನು ಕರೆಂಟು ಮಾಡುವ ಬಟಾಣಿಗಾತ್ರದ ತುಂಡು, ಬೆಳಕನ್ನು ಕರೆಂಟು ಮಾಡುವ ಸಮುದ್ರವನ್ನು ನೋಡುತ್ತಿದೆ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಹೆಸರು ಶಕ್ತಿ ಸ್ಥಳ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಮಾರಿಸಿಕೊಂಡಿಲ್ಲ, ಗುತ್ತಿಗೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕೈಸುಟ್ಟುಕೊಂಡವರಿಗೆ ಬಿಸಿಲೇ ಬಾಡಿಗೆ ಕೊಟ್ಟಿತು. ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರ ಲೆಕ್ಕ ಬೇರೆ, ಅದು ಬೇರೆ ಲೇಖನಕ್ಕೆ. ಇಲ್ಲಿ ಹೇಳಬೇಕಾದದ್ದು ಇಷ್ಟು: ಅಲ್ಲಿಯ ನೆಂಟರೊಬ್ಬರ ಫೋನಿನಲ್ಲಿ ಪ್ಯಾನೆಲ್ ಬರುವ ಮುಂಚಿನ ಒಂದು ಚಿತ್ರವಿದೆ. ಕಡಲೆಕಾಯಿ ಬಳ್ಳಿಯ ಗೂಡು, ಪಕ್ಕದಲ್ಲಿ ಹುಣಿಸೆಮರ, ಮರದ ಕೆಳಗೆ ಬುತ್ತಿಯ ಗಂಟು. ಅದನ್ನು ಯಾರೂ ನೆನಪಿಗೆಂದು ತೆಗೆದದ್ದಲ್ಲ, ಹೊಸ ಫೋನಿನ ಕ್ಯಾಮೆರಾ ಹೇಗಿದೆ ನೋಡಲು ತೆಗೆದದ್ದು. ಈಗ ಆ ಹೊಲದ ಬದು ಎಲ್ಲಿತ್ತು ಎಂಬ ಮಾತು ಬಂದರೆ ಅವರು ತೆಗೆಯುವುದು ಅದನ್ನೇ.

ಫೋನಿನ ದೊಡ್ಡತನ ಇದೇ ಇರಬೇಕು. ರೀಲಿನ ಕಾಲದಲ್ಲಿ ಹಬ್ಬ, ಮದುವೆ, ನಾಮಕರಣ ಬಿಟ್ಟರೆ ಫೋಟೊ ಇಲ್ಲ. ಅವ್ವ ಒಲೆ ಮುಂದೆ ಕೂತು ಮುದ್ದೆ ತಿರುವಿದ್ದು ಸಾವಿರಾರು ದಿನ, ಒಂದೂ ಚಿತ್ರವಿಲ್ಲ. ಹನ್ನೆರಡರಲ್ಲಿ ಒಂದನ್ನು ಮುದ್ದೆಗೆ ಯಾರು ಖರ್ಚು ಮಾಡುತ್ತಾರೆ? ಈಗ ನನ್ನ ಮಗಳು ಅವ್ವನ ಕೈ, ಅಂಗಳದ ಬೆಕ್ಕು, ಶನಿವಾರ ಶನಿಮಹಾತ್ಮನ ಗುಡಿ ಮುಂದಿನ ಚಪ್ಪಲಿ ರಾಶಿ ಎಲ್ಲ ತೆಗೆಯುತ್ತಾಳೆ. ತೆಗೆಯುವ ಖರ್ಚು ಸೊನ್ನೆಯಾಯಿತು. ಕಷ್ಟವೆಲ್ಲ ಇಟ್ಟುಕೊಳ್ಳುವುದಕ್ಕೆ ವರ್ಗವಾಯಿತು.

ಇದು ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಚಾರ್ಜ್ ಆಗದ ಫೋನನ್ನು ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ಸಂಜೆ ವಾಪಸ್ ಬಂದಾಗ ಚಾರ್ಜ್ ಆಗುತ್ತಿತ್ತು, ಒಳಗೆ ಏನೂ ಇರಲಿಲ್ಲ. "ರೀಸೆಟ್ ಮಾಡಿದೀವಿ ಸಾರ್, ಈಗ ಫಾಸ್ಟಾಗಿದೆ." ಅಪ್ಪನ ಕೊನೆಯ ಎರಡು ವರ್ಷ ಅದರಲ್ಲಿತ್ತು. ಒಂದಿಷ್ಟು ಸಿಕ್ಕಿದ್ದು ನೆಂಟರ ವಾಟ್ಸ್‌ಆ್ಯಪ್ಪಿನಿಂದ, ಅದೂ ಕುಗ್ಗಿದ ರೂಪದಲ್ಲಿ. ಡೇಟಾ ಉಳಿಸಲೆಂದು ವಾಟ್ಸ್‌ಆ್ಯಪ್ ಫೋಟೊವನ್ನು ಚಿಕ್ಕದು ಮಾಡಿ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಮಾತ್ರ ಇದ್ದ ಹಾಗೆ ಹೋಗುತ್ತದೆ. ಹತ್ತು ಗುಂಪು ಸುತ್ತಿ ಬಂದ ಫೋಟೊ, ನೀರು ಬದಲಿಸದ ತಟ್ಟೆಯಲ್ಲಿ ತೊಳೆದ ಕಾಪಿಯಂತೆ. ಇನ್ನು ಗೂಗಲ್ ಫೋಟೋಸ್: 2021ರ ಜೂನ್ 1ರವರೆಗೆ ಎಷ್ಟು ಬೇಕಾದರೂ ಪುಕ್ಕಟೆ ತುಂಬಬಹುದಿತ್ತು, ಆಮೇಲೆ ಮೇಲ್ ಎಲ್ಲ ಸೇರಿ 15 ಜಿಬಿ ಮಿತಿ. ಜಾಗ ತುಂಬಿದೆ ಎಂದು ಫೋನು ಗೋಳಾಡತೊಡಗಿದಾಗ ನಾವು ಅಳಿಸುವುದು ಅವ್ವನ ಕೈಯನ್ನು. ಗುಲಾಬಿ ಹೂವಿನ ಶುಭೋದಯಗಳು ಮಾತ್ರ ಹಾಗೇ ಇರುತ್ತವೆ.

ಈಗ ನಮ್ಮ ಮನೆಯ ಪದ್ಧತಿ ಸರಳ. ಫೋನಿನಲ್ಲೊಂದು, ಬೀರುವಿನ ಹಾರ್ಡ್ ಡಿಸ್ಕಿನಲ್ಲೊಂದು, ಬೆಂಗಳೂರಿನ ತಂಗಿಯ ಮನೆಯಲ್ಲೊಂದು. ವರ್ಷಕ್ಕೆ ಇಪ್ಪತ್ತು ಮೂವತ್ತು ಪ್ರಿಂಟ್ ಹಾಕಿಸುತ್ತೇವೆ. ಕಾಗದಕ್ಕೆ ಪಾಸ್‌ವರ್ಡ್ ಬೇಡ, ಚಾರ್ಜ್ ಬೇಡ. ಹಳೇ ಫೋಟೊಗಳನ್ನು ಸ್ಕ್ಯಾನ್ ಮಾಡುವವರು 600 ಡಿಪಿಐಗೆ ಇಟ್ಟುಕೊಂಡರೆ ಸಾಕು. ಸ್ಕ್ಯಾನರ್ ಇಲ್ಲದಿದ್ದರೆ ಜಗಲಿಯ ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಸಮಕ್ಕೆ ಹಿಡಿದು ತೆಗೆದರೂ ಚೆನ್ನಾಗಿ ಬರುತ್ತದೆ. ಗಾಜಿಗೆ ಅಂಟಿದ್ದನ್ನು ಕೀಳಬಾರದು, ಗಾಜಿನ ಮೇಲಿಂದಲೇ ತೆಗೆಯಬೇಕು.

ಹೆಸರು ಬರೆದಿಡುವುದನ್ನು ಮಾತ್ರ ಯಾವ ಯಂತ್ರವೂ ಮಾಡಿಕೊಡುವುದಿಲ್ಲ. ಅನುಷಾ ಯಾದವ್ 2010ರಲ್ಲಿ ಶುರುಮಾಡಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಮನೆಮನೆಯ ಹಳೇ ಫೋಟೊಗಳನ್ನು ಅವುಗಳ ಕಥೆಯ ಸಮೇತವೇ ಕೂಡಿಡುತ್ತದೆ. ಅದು ಯಾಕೆಂದು ನಮ್ಮ ಹನ್ನೊಂದು ಫೋಟೊ ಹರವಿಕೊಂಡು ಕೂತಾಗ ಅರ್ಥವಾಯಿತು. ಐದು ಜನ ಯಾರೆಂದು ಅವ್ವನಿಗೂ ತಿಳಿಯಲಿಲ್ಲ. ತಿಳಿದವರ ಹೆಸರನ್ನು ಅವಳ ದನಿಯಲ್ಲೇ ರೆಕಾರ್ಡ್ ಮಾಡಿಕೊಂಡೆ. ಗುಂಡಿ ಕಿತ್ತ ಅಂಗಿಯ ಹುಡುಗ ಸೋದರಮಾವನಂತೆ. "ಅವತ್ತು ಪಾನಕ ಕದ್ದು ಕುಡ್ದು ಏಟು ತಿಂದಿದ್ದ, ಮುಖ ನೋಡು" ಅಂದಳು. ನೋಡಿದೆ, ಹೌದು, ಕಣ್ಣು ಊದಿದೆ. ನಲವತ್ತು ಸಲ ನೋಡಿದ್ದರೂ ಕಂಡಿರಲಿಲ್ಲ.

ಚೆನ್ನಾಗಿರುವ ಕಾಪಿಯನ್ನು ಮನೆಯವರ ಗುಂಪಿಗೆ ಕಳಿಸಿದೆ, ಡಾಕ್ಯುಮೆಂಟ್ ಮಾಡಿ. ಡಲ್ಲಾಸಿನಲ್ಲಿರುವ ಚಿಕ್ಕಪ್ಪನ ಮಗಳು ಕೂಡಲೇ ಕೇಳಿದಳು: ದೊಡ್ಡಮ್ಮನ ಸೀರೆ ಯಾವ ಬಣ್ಣ? ಫೋಟೊದಲ್ಲಿ ಅದು ಬೂದಿ, ಅಂಚು ಬಿಳಿ. ಟ್ರಂಕಿನ ಎರಡು ಸೀರೆ ತಂದು ಅವ್ವನ ಮುಂದೆ ಹಿಡಿದೆ, ಒಂದು ಕುಂಕುಮ, ಒಂದು ನೇರಳೆ.

"ಇವಲ್ಲಪ್ಪಾ. ಇವು ನಿಮ್ಮಜ್ಜೀವು. ನಂದು ಎಲ್ಲೈತೆ ಈಗ? ಬರ ಬಂದ ವರ್ಷ ಹಳೇ ಜರಿ ಕೊಳ್ಳೋನು ಬಂದಿದ್ದ. ಜರೀಲಿ ಬೆಳ್ಳಿ ಇರ್ತದಂತಲ್ಲ, ಅದನ್ನ ಸುಟ್ಟು ತೆಗೀತಾನೆ ಅಂದ್ರು. ಕೊಟ್ಬಿಟ್ವಿ."

ಸ್ವಲ್ಪ ಹೊತ್ತು ಫೋಟೊವನ್ನು ಕಣ್ಣ ಹತ್ತಿರ ಹಿಡಿದುಕೊಂಡಿದ್ದಳು. ಆಮೇಲೆ ನನ್ನ ಕೈಗೆ ಕೊಟ್ಟು ಅಂದಳು: "ಗಿಳಿ ಹಸಿರು. ಅಂಚು ಕೆಂಪು. ಬರ್ಕಾ."

ಮೆತ್ತಗಿನ ಪೆನ್ಸಿಲ್ ಹುಡುಕಿ ತಂದು ಬೆನ್ನ ಮೇಲೆ ಬರೆದೆ.